ವೈರ್‌ಮನ್ ಪರ್ಮಿಟ್: ಪಡೆಯುವ ದಾರಿ, ಉಳಿಸಿಕೊಳ್ಳುವ ದಾರಿ

ಕಲಬುರಗಿಯ ಗಂಜ್ ಪ್ರದೇಶದಲ್ಲಿ, ತೊಗರಿ ತುಂಬಿದ ಲಾರಿಗಳು ಸಾಲಾಗಿ ನಿಲ್ಲುವ ರಸ್ತೆಯಿಂದ ಒಳಗೆ ತಿರುಗಿದರೆ ನನ್ನ ಅಂಗಡಿ ಸಿಗುತ್ತದೆ. ಮುಂದುಗಡೆ ಮೋಟಾರ್ ರಿವೈಂಡಿಂಗ್, ಹಿಂದುಗಡೆ ವೈರಿಂಗ್ ಸಾಮಾನು. ಕಳೆದ ತಿಂಗಳು ಜೇವರ್ಗಿ ಕಡೆಯ ಹುಡುಗನೊಬ್ಬ ಬಂದು ಕಟ್ಟೆಯ ಮೇಲೆ ಕುಳಿತ. “ಕಾಕಾ, ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೂರು ಫೇಸ್ ಪ್ಯಾನೆಲ್ ಒಬ್ಬನೇ ಕಟ್ಟುತ್ತೇನೆ. ಪರ್ಮಿಟ್ ಇಲ್ಲವೆಂದು ಶಾಲಾ ಕಟ್ಟಡದ ಕೆಲಸ ಬೇರೆಯವರ ಪಾಲಾಯಿತು” ಎಂದ. ಅವನು ಹೇಳಿದ್ದನ್ನು ನಂಬಲು ನನಗೆ ಸಾಕ್ಷಿ ಬೇಕಿರಲಿಲ್ಲ. ತಂತಿ ಸುಲಿದು ಸುಲಿದು ಅವನ ತೋರುಬೆರಳ ಅಂಚು ಜಡ್ಡುಗಟ್ಟಿತ್ತು. ಕೈಯಲ್ಲಿ ಕಸುಬಿದೆ, ಕಾಗದವಿಲ್ಲ. ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇಂಥ ಹುಡುಗರು ಊರಿಗೆ ನಾಲ್ಕೈದು ಮಂದಿ ಸಿಗುತ್ತಾರೆ. ಅವನಿಗೆ ಎರಡು ತಾಸು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನೂ ಹಾಗೆಯೇ ಬಂದವನು. ಹತ್ತನೆಯ ತರಗತಿ ಮುಗಿಸಿ ಆಳಂದದ ಹಳ್ಳಿಯಿಂದ ಈ ಊರಿಗೆ ಬಂದು ಒಬ್ಬ ಉಸ್ತಾದರ ಕೈಕೆಳಗೆ ಸೇರಿದೆ. ಮೊದಲ ವರ್ಷ ಏಣಿ ಹಿಡಿಯುವುದು, ಗೋಡೆ ಕೊರೆಯುವುದು, ಚಹಾ ತರುವುದು. ಎರಡನೆಯ ವರ್ಷ ಕೈಗೆ ಟೆಸ್ಟರ್ ಬಂತು. ಐದನೆಯ ವರ್ಷಕ್ಕೆ ದಾಲ್ ಮಿಲ್‌ನ ಸ್ಟಾರ್ಟರ್ ಬಿಚ್ಚಿ ಜೋಡಿಸುವಷ್ಟು ಧೈರ್ಯ. ಉಸ್ತಾದರು ಒಂದು ದಿನ ನನ್ನನ್ನು ಕರೆದು, “ತಮ್ಮಾ, ನನ್ನ ಸಹಿ ನಡೆಯುವವರೆಗೆ ನಿನ್ನ ಕೆಲಸ ನಡೆಯುತ್ತದೆ. ನಾನು ಹೋದ ಮೇಲೆ?” ಎಂದು ಕೇಳಿದರು. ಆ ಮಾತಿಗೆ ಹೆದರಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನನಗಿಂತ ಏಳು ವರ್ಷ ಚಿಕ್ಕವರ ಜೊತೆ ಐಟಿಐ ಬೆಂಚಿನಲ್ಲಿ ಕುಳಿತೆ. ಎರಡು ವರ್ಷ ಹಗಲು ತರಗತಿ, ಸಂಜೆ ಕೆಲಸ.

ಪರ್ಮಿಟ್ ಏಕೆ ಬೇಕು ಎಂಬುದಕ್ಕೆ ಕಾನೂನಿನ ಉತ್ತರ ಹಳೆಯದು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯ ನಿಯಮ ಇದನ್ನೇ ಹೇಳುತ್ತಿತ್ತು. ಆಮೇಲೆ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದರ ಜಾಗಕ್ಕೆ ಹೊಸದು ಬಂತು. ಇಷ್ಟು ಬದಲಾದರೂ ಮೂಲ ಮಾತು ಒಂದೇ: ಬಳಕೆದಾರರ ಜಾಗದಲ್ಲಿ ವಿದ್ಯುತ್ ಅಳವಡಿಕೆ, ಸೇರ್ಪಡೆ, ಮಾರ್ಪಾಡು, ದುರಸ್ತಿ ಮಾಡಬೇಕಾದವರು ಸರ್ಕಾರದಿಂದ ಪರವಾನಗಿ ಪಡೆದ ಗುತ್ತಿಗೆದಾರರು. ಮೇಲೆ ನಿಂತು ನೋಡುವವರ ಬಳಿ ಸಾಮರ್ಥ್ಯ ಪತ್ರ ಇರಬೇಕು, ಕೈಯಿಂದ ಕೆಲಸ ಮಾಡುವವರ ಬಳಿ ಪರ್ಮಿಟ್ ಇರಬೇಕು. ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸುವಂಥ ಚಿಕ್ಕ ಕೆಲಸಕ್ಕೆ ವಿನಾಯಿತಿ ಇದೆ. ಅದೂ ಅಳವಡಿಕೆಯ ಸಾಮರ್ಥ್ಯ ಅಥವಾ ಸ್ವರೂಪ ಬದಲಾಗದಿದ್ದರೆ ಮಾತ್ರ. ಹೊಸ ಎ.ಸಿ.ಗೆ ಪ್ರತ್ಯೇಕ ಲೈನ್ ಎಳೆದಿರೋ, ಆ ವಿನಾಯಿತಿ ಮುಗಿಯಿತು.

ಹಾಗಾಗಿ ಮೆಟ್ಟಿಲು ಮೂರು. ಕೆಳಗೆ ವೈರ್‌ಮನ್ ಪರ್ಮಿಟ್, ನಡುವೆ ಸೂಪರ್‌ವೈಸರ್ ಪರ್ಮಿಟ್, ಮೇಲೆ ಗುತ್ತಿಗೆದಾರರ ಪರವಾನಗಿ. ನಮ್ಮ ರಾಜ್ಯದಲ್ಲಿ ಮೂರನ್ನೂ ನೋಡಿಕೊಳ್ಳುವುದು ಇಂಧನ ಇಲಾಖೆಯ ವಿದ್ಯುತ್ ಪರಿವೀಕ್ಷಣಾಲಯ. ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ, ಕಲಬುರಗಿಯಲ್ಲೂ ಕಚೇರಿ ಇದೆ. ಬಹಳ ಹುಡುಗರು ನೇರವಾಗಿ ಜೆಸ್ಕಾಂ ಉಪವಿಭಾಗಕ್ಕೆ ಹೋಗಿ ಪರ್ಮಿಟ್ ಕೇಳುತ್ತಾರೆ. ಜೆಸ್ಕಾಂ ವಿದ್ಯುತ್ ಕೊಡುವ ಕಂಪನಿ; ಪರ್ಮಿಟ್ ಕೊಡುವುದು ಅದರ ಕೆಲಸವಲ್ಲ. ನಿಮ್ಮ ಪರ್ಮಿಟ್ ಜೀವಂತವಾಗಿದೆಯೇ ಎಂದು ಅವರು ನೋಡುತ್ತಾರೆ, ಅಷ್ಟೆ.

ಯಾವುದು ಪರ್ಮಿಟ್ ಅಲ್ಲ

ಈ ಗೊಂದಲ ನಮ್ಮ ಕಡೆ ತುಂಬಾ ಇದೆ, ಮೊದಲೇ ಬಿಡಿಸಿಬಿಡುತ್ತೇನೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ನಿಮ್ಮ ಬಳಿ ಇರಬಹುದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಎಲೆಕ್ಟ್ರಿಷಿಯನ್‌ಗೂ ಅದು ಸಿಗುತ್ತದೆ, ಮಕ್ಕಳ ಓದಿಗೆ, ಮದುವೆಗೆ, ಆಸ್ಪತ್ರೆಗೆ ನೆರವು ಸಿಗುತ್ತದೆ. ಖಂಡಿತ ಮಾಡಿಸಿಕೊಳ್ಳಿ. ಅದನ್ನು ತೋರಿಸಿ ಮನೆಗೆ ವೈರಿಂಗ್ ಮಾಡುವ ಹಕ್ಕು ಮಾತ್ರ ಬರುವುದಿಲ್ಲ. ಕಿರಿಯ ಪವರ್‌ಮನ್ ಹುದ್ದೆಯ ನೇಮಕಾತಿಯೂ ಬೇರೆ. ಅದು ವಿದ್ಯುತ್ ಕಂಪನಿಯ ನೌಕರಿ, ಕಂಬ ಹತ್ತುವ ಕೆಲಸ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರ ನೌಕರಿಗೆ, ಕಾಲೇಜು ಪ್ರವೇಶಕ್ಕೆ ಬೇಕು. ಪರ್ಮಿಟ್‌ಗೂ ಅದಕ್ಕೂ ಸಂಬಂಧವಿಲ್ಲ. ಕೆಲವು ದಿನಗಳ ತರಬೇತಿ ಕೊಟ್ಟು ಕೈಗೆ ಕೊಡುವ ಕೌಶಲ ಪ್ರಮಾಣಪತ್ರ ಐಟಿಐ ಪ್ರಮಾಣಪತ್ರಕ್ಕೆ ಸಮವಲ್ಲ. ಹಣ ಕಟ್ಟುವ ಮೊದಲು ಅದರ ಪ್ರತಿ ಹಿಡಿದು ಪರಿವೀಕ್ಷಣಾಲಯದಲ್ಲೇ ಕೇಳಿ. “ಇದು ಪರ್ಮಿಟ್‌ಗೆ ನಡೆಯುತ್ತದೆ” ಎಂದು ತರಬೇತಿ ಕೇಂದ್ರದವರು ಹೇಳಿದ್ದನ್ನು ನಂಬಿ ಕೈಸುಟ್ಟುಕೊಂಡವರು ನನ್ನ ಬಳಿಯೇ ಇಬ್ಬರು ಕೆಲಸಕ್ಕಿದ್ದರು.

ಓದಿನ ದಾರಿ

ವೈರ್‌ಮನ್ ಪರ್ಮಿಟ್‌ಗೆ ನೇರವಾದ ದಾರಿ ಐಟಿಐ. ಎಲೆಕ್ಟ್ರಿಷಿಯನ್ ವೃತ್ತಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ವೈರ್‌ಮನ್ ವೃತ್ತಿಗೆ ಎಂಟನೆಯ ತರಗತಿ ಸಾಕು. ಎರಡೂ ಎರಡು ವರ್ಷದವು. ಕೊನೆಯಲ್ಲಿ ಸಿಗುವುದು ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಕಸುಬಿಗೆ ಬಂದ ಹುಡುಗರಿಗೆ ಈ ಎರಡನೆಯ ದಾರಿ ಗೊತ್ತೇ ಇರುವುದಿಲ್ಲ. ಗೊತ್ತಾಗುವಾಗ ಮೂವತ್ತು ದಾಟಿರುತ್ತದೆ, ಮನೆಯಲ್ಲಿ ಎರಡು ಮಕ್ಕಳಿರುತ್ತವೆ.

ಹಾಗೆ ದಾಟಿದವರೂ ಬಾಗಿಲು ಮುಚ್ಚಿತೆಂದು ಕೂರಬೇಕಿಲ್ಲ. ಕಾರ್ಖಾನೆಯಲ್ಲಿ, ಮಿಲ್‌ನಲ್ಲಿ ಆ ವೃತ್ತಿಯ ಕೆಲಸ ಮಾಡಿ ಅನುಭವ ಪತ್ರ ತರಬಲ್ಲವರು ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ವೃತ್ತಿ ಪರೀಕ್ಷೆ ಬರೆಯಲು ಅವಕಾಶವಿದೆ. ಇದಕ್ಕೆ ಹತ್ತಿರದ ಸರ್ಕಾರಿ ಐಟಿಐ ಪ್ರಾಚಾರ್ಯರನ್ನೇ ಭೇಟಿ ಮಾಡಿ. ಸೇಡಂ, ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ, ಕಪನೂರಿನ ದಾಲ್ ಮಿಲ್‌ಗಳಲ್ಲಿ ದುಡಿಯುವವರು ಒಂದು ಕೆಲಸ ಇಂದೇ ಮಾಡಿ: ಹಾಜರಿ, ಪಿಎಫ್, ಸಂಬಳದ ಚೀಟಿ ಎಲ್ಲವನ್ನೂ ಕೂಡಿಟ್ಟುಕೊಳ್ಳಿ. ಮಾಲೀಕರು ಬಾಯಲ್ಲಿ “ನಮ್ಮ ಹುಡುಗ, ಹತ್ತು ವರ್ಷದಿಂದ ಇದ್ದಾನೆ” ಎಂದು ಹೇಳುವುದು ಅರ್ಜಿಗೆ ಅಂಟುವುದಿಲ್ಲ.

ಸೂಪರ್‌ವೈಸರ್ ಪರ್ಮಿಟ್‌ಗೆ ವಿದ್ಯುತ್ ವಿಭಾಗದ ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಪದವಿ ಇದ್ದವರಿಗೆ ಹಾದಿ ಸಲೀಸು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಅವರು ಓದಬಲ್ಲವರು, ಜಾಲತಾಣ ನೋಡಿಕೊಳ್ಳುತ್ತಾರೆ. ನನ್ನ ಚಿಂತೆ ಕೆಳಗಿನ ಮೆಟ್ಟಿಲಿನವರದು.

ಕಾಗದದಲ್ಲಿ ಹೆಸರು ಒಂದೇ ಇರಲಿ

ಅರ್ಜಿ ತಿರುಗಿ ಬರುವುದು ಕಸುಬು ಬಾರದ್ದಕ್ಕಲ್ಲ. ನೂರಕ್ಕೆ ಎಷ್ಟು ಎಂದು ಲೆಕ್ಕ ಇಟ್ಟಿಲ್ಲ, ಆದರೆ ನನ್ನ ಅಂಗಡಿಯಲ್ಲಿ ಕುಳಿತು ತುಂಬಿಸಿದ ಅರ್ಜಿಗಳಲ್ಲಿ ತಿರುಗಿ ಬಂದವೆಲ್ಲ ಹೆಸರಿನ ವ್ಯತ್ಯಾಸಕ್ಕೇ ಬಂದವು. ನಮ್ಮ ಭಾಗದಲ್ಲಿ ಒಬ್ಬನಿಗೆ ಮೂರು ಹೆಸರು ಇರುತ್ತವೆ. ಶಾಲೆಯಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಪ್ಪ, ಐಟಿಐನಲ್ಲಿ ತಂದೆಯ ಹೆಸರು ನಡುವೆ ಸೇರಿ ಅಡ್ಡಹೆಸರು ಬಿಟ್ಟುಹೋಗಿರುತ್ತದೆ. ಅಬ್ದುಲ್ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಬಗೆಯ ಅಕ್ಷರ. ಜನ್ಮದಿನ ಕೇಳಿದರೆ ಊರಿನ ಅರ್ಧ ಮಂದಿ ಜೂನ್ 1ರಂದು ಹುಟ್ಟಿದವರು, ಏಕೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಆ ದಿನಾಂಕವನ್ನೇ ಬರೆದುಕೊಂಡರು. ಆಮೇಲೆ ಆಧಾರ್ ಮಾಡಿಸುವಾಗ ವರ್ಷ ಮಾತ್ರ ಹೇಳಿದ್ದರಿಂದ ಅಲ್ಲಿ ಜನವರಿ 1 ಕುಳಿತಿರುತ್ತದೆ.

ಆದ್ದರಿಂದ ಅರ್ಜಿಗೆ ಕೈಹಾಕುವ ಮೊದಲು ಒಂದು ಸಂಜೆ ಮೂರು ಕಾಗದಗಳನ್ನು ನೆಲದ ಮೇಲೆ ಸಾಲಾಗಿ ಇಡಿ: ಎಸ್ಸೆಸ್ಸೆಲ್ಸಿ ಅಥವಾ ಎಂಟನೆಯ ತರಗತಿಯ ಅಂಕಪಟ್ಟಿ, ಐಟಿಐ ಪ್ರಮಾಣಪತ್ರ, ಆಧಾರ್. ಹೆಸರು, ತಂದೆಯ ಹೆಸರು, ಜನ್ಮದಿನಾಂಕ, ಇವುಗಳನ್ನು ಬೆರಳಿಟ್ಟು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಶಾಲೆಯ ದಾಖಲೆಯನ್ನೇ ಮೂಲವೆಂದು ಇಟ್ಟುಕೊಂಡು ಆಧಾರ್ ಸರಿಪಡಿಸಿ, ಏಕೆಂದರೆ ಅಂಕಪಟ್ಟಿ ತಿದ್ದಿಸುವುದು ಕಷ್ಟ, ಆಧಾರ್ ತಿದ್ದಿಸುವುದು ಸುಲಭ. ಊರಿನ ಹೆಸರಿನ ವ್ಯತ್ಯಾಸಕ್ಕೆ ಗಾಬರಿ ಬೇಡ. 2014ರ ನವೆಂಬರ್‌ಗೆ ಮೊದಲಿನ ಕಾಗದಗಳಲ್ಲಿ ಗುಲ್ಬರ್ಗಾ ಎಂದೇ ಇರುತ್ತದೆ. ಯಾದಗಿರಿ, ಶಹಾಪುರ, ಸುರಪುರದವರ ಹಳೆಯ ಕಾಗದಗಳಲ್ಲೂ ಜಿಲ್ಲೆ ಗುಲ್ಬರ್ಗಾ ಎಂದೇ ಇರುತ್ತದೆ, ಯಾದಗಿರಿ ಆಮೇಲೆ ಬೇರೆಯಾಯಿತು. ಈಗಿನ ವಿಳಾಸವನ್ನು ಆಧಾರ್‌ನಲ್ಲಿ ಇರುವಂತೆಯೇ ಬರೆದರೆ ಸಾಕು.

ಅರ್ಜಿ ಆನ್‌ಲೈನ್ ಆದ ಮೇಲೆ ಸೈಬರ್ ಅಂಗಡಿಗೆ ಹೋಗುವುದು ಸಹಜ. ಹೋಗಿ, ಆದರೆ ಮೊಬೈಲ್ ಸಂಖ್ಯೆ ನಿಮ್ಮದೇ ಕೊಡಿ, ಮಿಂಚಂಚೆ ನಿಮ್ಮದೇ ತೆರೆಸಿ, ಗುಪ್ತಪದವನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಅಂಗಡಿಯವನೋ ಮಧ್ಯವರ್ತಿಯೋ ತನ್ನ ಸಂಖ್ಯೆ ಹಾಕಿಬಿಟ್ಟರೆ ಒಟಿಪಿ ಅವನ ಫೋನಿಗೆ ಹೋಗುತ್ತದೆ. ವರ್ಷಗಳ ಮೇಲೆ ನವೀಕರಣಕ್ಕೆ ಕುಳಿತಾಗ ಆ ಅಂಗಡಿ ಇರುವುದಿಲ್ಲ, ಆ ಸಂಖ್ಯೆಯೂ ಇರುವುದಿಲ್ಲ. ಶುಲ್ಕ ಕಾಲಕಾಲಕ್ಕೆ ಬದಲಾಗುತ್ತದೆ. ಗೆಳೆಯ ಕಟ್ಟಿದಷ್ಟೇ ಕಟ್ಟದೆ ಅರ್ಜಿ ಹಾಕುವ ದಿನ ತೋರಿಸುವ ಮೊತ್ತವನ್ನೇ ಕಟ್ಟಿ. ಕಟ್ಟಿದ ಚಲನ್‌ನ ಪ್ರತಿ ತೆಗೆದಿಟ್ಟುಕೊಳ್ಳಿ. ಸಕಾಲದ ಸ್ವೀಕೃತಿ ಸಿಕ್ಕರೆ ಅದರ ಮೇಲಿನ 15 ಅಂಕಿಯ ಸಂಖ್ಯೆಯನ್ನು ಜೋಪಾನ ಮಾಡಿ. 2011ರ ಸಕಾಲ ಕಾಯ್ದೆ ಇರುವುದೇ ಸರ್ಕಾರಿ ಸೇವೆಗೆ ಗಡುವು ಕಟ್ಟಲು. ಕೌಂಟರ್ ಮುಂದೆ “ಸಾಹೇಬರೇ, ನನ್ನ ಅರ್ಜಿ ಏನಾಯಿತು” ಎಂದು ಕೈಮುಗಿದು ನಿಲ್ಲುವ ಬದಲು ಸಂಖ್ಯೆ ಹಿಡಿದು ಕೇಳಬಹುದು. ಅಲ್ಲಿ ನಿಮಗೆ ಸಿಗುವ ಗೌರವವೇ ಬೇರೆ.

ಕೈಗೆ ಬರಬೇಕಾದ ಕಸುಬು

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ನಡೆದದ್ದು ಇದು. ಬಿಸಿಲು 44 ಡಿಗ್ರಿ. ಮನೆಮನೆಯಲ್ಲೂ ತಗಡಿನ ಕೂಲರ್ ತಿರುಗುತ್ತಿತ್ತು. ಪಕ್ಕದ ಮನೆಯ ಹುಡುಗಿ, ಒಂಬತ್ತು ವರ್ಷದವಳು, ಬರಿಗಾಲಲ್ಲಿ ಕೂಲರ್‌ಗೆ ನೀರು ಹಾಕಲು ಹೋಗಿ ಕಿರುಚಿ ಬಿದ್ದಳು. ಅಜ್ಜಿ ಓಡಿಹೋಗಿ ಮೇನ್ ಇಳಿಸಿದ್ದರಿಂದ ಉಳಿದಳು. ನನ್ನನ್ನು ಕರೆದರು. ನಾನು ಆ ಮೂರು ಪಿನ್ ಸಾಕೆಟ್ಟಿನ ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದೆ. ಹಿಂದೆ ಬಂದದ್ದು ಎರಡೇ ತಂತಿ, ಒಂದು ಕೆಂಪು, ಒಂದು ಕಪ್ಪು. ಮೇಲಿನ ಅರ್ಥ್ ತೂತಿಗೆ ಹಸಿರು ತಂತಿ ಇರಲೇ ಇಲ್ಲ. ಅದರ ಬದಲು ಅರ್ಥ್ ಟರ್ಮಿನಲ್‌ನಿಂದ, ಕರೆಂಟು ವಾಪಸು ಹೋಗುವ ನ್ಯೂಟ್ರಲ್ ಟರ್ಮಿನಲ್‌ಗೆ ಎರಡು ಅಂಗುಲದ ತಂತಿಯ ತುಂಡೊಂದನ್ನು ಸೇತುವೆಯ ಹಾಗೆ ಕಟ್ಟಿದ್ದರು. ಆ ತುಂಡಿನ ಮೇಲೆ ಸಿಮೆಂಟಿನ ಧೂಳು ಕುಳಿತಿತ್ತು, ಮನೆ ಕಟ್ಟಿದಾಗಿನದು.

ಹಾಗೆ ಕಟ್ಟಿದವನಿಗೆ ಆ ಹೊತ್ತಿಗೆ ಎಲ್ಲವೂ ಸರಿಯೆನಿಸಿರುತ್ತದೆ. ಕೂಲರ್‌ನ ತಗಡಿಗೆ ಟೆಸ್ಟರ್ ಇಟ್ಟರೆ ಅದರ ದೀಪ ಉರಿಯುವುದಿಲ್ಲ. ಆದರೆ ಎಲ್ಲೋ ಬೋರ್ಡಿನಲ್ಲಿ ನ್ಯೂಟ್ರಲ್ ಸಡಿಲಾದ ದಿನ, ಪಂಪಿನ ಮೋಟಾರ್ ಮೂಲಕ ಬಂದ ಕರೆಂಟಿಗೆ ವಾಪಸು ಹೋಗಲು ದಾರಿಯಿಲ್ಲದೆ ಆ ಎರಡು ಅಂಗುಲದ ತುಂಡಿನಿಂದ ತಗಡಿಗೆ ಬಂದು ನಿಲ್ಲುತ್ತದೆ. 230 ವೋಲ್ಟ್, ನೆಲ ಒದ್ದೆ, ಮಗುವಿನ ಬರಿಗಾಲು. ಆ ತುಂಡನ್ನು ನಾನು ಇಂದಿಗೂ ಅಂಗಡಿಯ ಗಲ್ಲಾದಲ್ಲಿ ಇಟ್ಟುಕೊಂಡಿದ್ದೇನೆ. ಹೊಸದಾಗಿ ಸೇರುವ ಹುಡುಗನ ಅಂಗೈ ಮೇಲೆ ಮೊದಲ ದಿನ ಅದನ್ನೇ ಇಡುತ್ತೇನೆ.

ಪರ್ಮಿಟ್ ಕೇಳಲು ಹೋಗುವವನು ಇಷ್ಟಾದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳಬೇಕು. ಸ್ವಿಚ್ಚು, ಫ್ಯೂಸು ಯಾವಾಗಲೂ ಕರೆಂಟು ತರುವ ಫೇಸ್ ತಂತಿಯ ಮೇಲೆ, ಎಂದೂ ನ್ಯೂಟ್ರಲ್ ಮೇಲಲ್ಲ. ಸಾಕೆಟ್ಟನ್ನು ಎದುರಿನಿಂದ ನೋಡಿದರೆ ಬಲಕ್ಕೆ ಫೇಸ್, ಎಡಕ್ಕೆ ನ್ಯೂಟ್ರಲ್, ಮೇಲೆ ಅರ್ಥ್. ಪ್ಲಗ್ಗಿನ ಅರ್ಥ್ ಪಿನ್ ಉದ್ದವಾಗಿರುವುದು ಅದು ಮೊದಲು ಸೇರಿ ಕೊನೆಗೆ ಬಿಡಲಿ ಎಂದು. ದೀಪಕ್ಕೆ 1.5 ಚದರ ಮಿಲಿಮೀಟರ್ ತಂತಿ, ಪವರ್ ಸಾಕೆಟ್ಟಿಗೆ 2.5, ಎ.ಸಿ., ಗೀಜರ್‌ಗೆ 4. ನಮ್ಮ ಊರಿನ ಬಿಸಿಲಿಗೆ ಚಾವಣಿಯೊಳಗಿನ ಪೈಪು ಕಾದ ಕಬ್ಬಿಣದಂತಾಗುತ್ತದೆ. ತಂತಿ ಹೊರಬಲ್ಲ ಕರೆಂಟು ಆಗ ಇಳಿಯುತ್ತದೆ. ಆದ್ದರಿಂದ ಒಂದು ಅಳತೆ ಮೇಲಕ್ಕೆ ಹೋಗಿ, ಇಳಿಯಬೇಡಿ. ಕರೆಂಟು ಸೋರಿದ ಕೂಡಲೇ ಲೈನ್ ಕಡಿದು ಮನುಷ್ಯನ ಜೀವ ಕಾಯುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನದು. ಹೊರೆ ಹೆಚ್ಚಾದಾಗ ಬೀಳುವ ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮೂರು ಫೇಸ್ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥ್ ತಂತಿ ಇರಬೇಕು. ದಾಲ್ ಮಿಲ್‌ಗಳಲ್ಲಿ ಎರಡನೆಯ ಅರ್ಥ್ ತಂತಿಯನ್ನು ಉಳಿತಾಯವೆಂದು ಬಿಟ್ಟಿರುವುದನ್ನು ನೋಡಿದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ. ಅಲ್ಲಿ ತೊಗರಿ ಹೊಟ್ಟಿನ ಧೂಳಿನಲ್ಲಿ ಬೆವರಿದ ಮೈಯಲ್ಲಿ ದುಡಿಯುವುದು ಹಮಾಲರು.

ತಂತಿಯ ಹೊದಿಕೆಯಿಂದ ಕರೆಂಟು ಸೋರುತ್ತಿದೆಯೇ ಎಂದು ಅಳೆಯುವ ಮೆಗ್ಗರ್ ಹಿಡಿಯುವುದನ್ನು ಕಲಿಯದವನು ವೈರ್‌ಮನ್ ಎನ್ನಿಸಿಕೊಳ್ಳಬಾರದು. ಮೇನ್ ಇಳಿಸಿ, ಬಲ್ಬುಗಳನ್ನು, ಉಪಕರಣಗಳನ್ನು ಬಿಡಿಸಿ. ಎಲ್‌ಇಡಿ, ಟಿ.ವಿ., ಎಲ್ಲವೂ ಹೊರಗೆ. ಮೆಗ್ಗರ್ ಬಿಡುವ 500 ವೋಲ್ಟಿಗೆ ಅವು ಸತ್ತುಹೋಗುತ್ತವೆ. ಸ್ವಿಚ್ಚುಗಳನ್ನೆಲ್ಲ ಹಾಕಿ. ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ, ಫೇಸ್‌ನಿಂದ ನ್ಯೂಟ್ರಲ್‌ಗೆ, ಹೀಗೆ ಮೂರು ಸಲ ಒಂದೊಂದು ನಿಮಿಷ ಅಳೆಯಿರಿ. ಒಂದು ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ತಂತಿ ಗಾಯಗೊಂಡಿದೆ. ಉಸ್ತಾದರು ಕಲಿಸಿದ ಲೆಕ್ಕ ಒಂದಿತ್ತು: ದೊಡ್ಡ ಮನೆಗಾದರೆ 50ನ್ನು ಪಾಯಿಂಟ್‌ಗಳ ಸಂಖ್ಯೆಯಿಂದ ಭಾಗಿಸು, ಬಂದಷ್ಟು ಮೆಗಾಓಮ್ ಇರಬೇಕು, ಅದು ಒಂದನ್ನು ಮೀರಬೇಕಿಲ್ಲ. ನಾನು ಲೆಕ್ಕ ಏನೇ ಹೇಳಲಿ, ಒಂದು ಮೆಗಾಓಮ್ ಬರುವವರೆಗೆ ಬಿಡುವುದಿಲ್ಲ.

ಅರ್ಥಿಂಗ್ ಬಗ್ಗೆ ಪುಸ್ತಕದಲ್ಲಿ ಇರುವುದು ಒಂದೇ ಚಿತ್ರ: 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಜಿ.ಐ. ಪೈಪು, ಸುತ್ತ ಇದ್ದಿಲು, ಉಪ್ಪು, ಕಟ್ಟಡದಿಂದ ಕನಿಷ್ಠ ಒಂದೂವರೆ ಮೀಟರ್ ದೂರ. ಆದರೆ ನಮ್ಮ ಮಣ್ಣು ಒಂದೇ ಅಲ್ಲ. ಅಫಜಲಪುರ, ಜೇವರ್ಗಿಯ ಎರೆಮಣ್ಣಿಗೆ ಪೈಪು ಬೆಣ್ಣೆಗೆ ಚಾಕು ಇಳಿದಂತೆ ಇಳಿಯುತ್ತದೆ, ಮಳೆಗಾಲದಲ್ಲಿ ಅಳತೆಯೂ ಚೆನ್ನಾಗಿ ಬರುತ್ತದೆ. ಏಪ್ರಿಲ್ ಬಂತೆಂದರೆ ಅದೇ ನೆಲ ಅಂಗೈ ತೂರುವಷ್ಟು ಬಿರುಕು ಬಿಟ್ಟು ಪೈಪಿನ ಮೈಯನ್ನೇ ಬಿಟ್ಟು ನಿಲ್ಲುತ್ತದೆ. ಕಪನೂರಿನ ಒಂದು ಮಿಲ್‌ನಲ್ಲಿ ಬೇಸಿಗೆಯಲ್ಲಿ ಅರ್ಥ್ ಟೆಸ್ಟರ್ 14 ಓಮ್ ತೋರಿಸಿತು; ಈ ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ನಾಲ್ಕು ಬಕೆಟ್ ನೀರು ಸುರಿದು, ಚಹಾ ಕುಡಿದು ಬಂದು ಮತ್ತೆ ಅಳೆದೆವು: 5. ಆ ಎರಡು ಅಂಕಿಗಳನ್ನು ಸಾಹುಕಾರರಿಗೆ ತೋರಿಸಿದ ಮೇಲೆ ಅವರೇ ಕಾವಲುಗಾರನಿಗೆ ವಾರಕ್ಕೊಮ್ಮೆ ನೀರು ಹಾಕುವ ಕೆಲಸ ಹಚ್ಚಿದರು. ಶಹಾಬಾದ್, ಸೇಡಂ ಕಡೆ ಎರಡಡಿ ಕೆಳಗೆ ಪರ್ಸಿ ಕಲ್ಲು. ಅಲ್ಲಿ ಪೈಪನ್ನು ಅರ್ಧಕ್ಕೆ ಕತ್ತರಿಸಿ ಹೂಳುವ ಮೋಸ ನಡೆಯುತ್ತದೆ. ಮಾಡಬೇಡಿ. ಉದ್ದಕ್ಕೆ ಕಾಲುವೆ ತೋಡಿ, 15 ಮೀಟರ್‌ಗೆ ಕಡಿಮೆಯಿಲ್ಲದಂತೆ ಜಿ.ಐ. ಪಟ್ಟಿಯನ್ನು ಮಲಗಿಸಿ ಹೂಳಿ. ಬೀದರಿನ ಜಂಬಿಟ್ಟಿಗೆ ನೆಲ ನೀರು ಬೇಗ ಬಸಿದುಬಿಡುತ್ತದೆ. ಅಲ್ಲಿಯವರು ನೀರು ಹಾಕುವ ವ್ಯವಸ್ಥೆಯನ್ನು ಮರೆಯಲೇಬಾರದು.

ಸಹಿ

ಪರ್ಮಿಟ್ ಬಂದ ದಿನದಿಂದ ನಿಮ್ಮ ಸಹಿಗೆ ಬೆಲೆ ಬರುತ್ತದೆ. ಹೊಸ ಸಂಪರ್ಕಕ್ಕೆ ಕೊಡುವ ಕೆಲಸ ಪೂರ್ಣಗೊಂಡ ವರದಿ, ಪರೀಕ್ಷಾ ವರದಿಯ ಹಿಂದೆ ಇಂಥ ಸಹಿಗಳಿರುತ್ತವೆ. ಕೆಲವೇ ತಿಂಗಳಲ್ಲಿ ಯಾರಾದರೂ ಬರುತ್ತಾರೆ: “ಅಣ್ಣಾ, ಕೆಲಸ ನಮ್ಮ ಹುಡುಗರು ಮುಗಿಸಿದ್ದಾರೆ, ನೀವು ಸಹಿ ಹಾಕಿ ಕೊಡಿ, ಐನೂರು ಇಟ್ಟುಕೊಳ್ಳಿ.” ನೋಡದ ಮನೆಗೆ ಸಹಿ ಹಾಕಬೇಡಿ. ಕೈಮುಗಿದು ಕೇಳುತ್ತೇನೆ. ಸಾವು ಸಂಭವಿಸಿದರೆ ವಿದ್ಯುತ್ ಪರಿವೀಕ್ಷಕರ ತನಿಖೆ ನಡೆಯುತ್ತದೆ. ಅಂಥ ತನಿಖೆಯಲ್ಲಿ ಮೊದಲು ತೆರೆಯುವ ಕಡತದಲ್ಲಿ ಇರುವುದು ನಿಮ್ಮ ಸಹಿ. ಆ ಎರಡು ಅಂಗುಲದ ತುಂಡು ಕಟ್ಟಿದವನು ಯಾರೆಂದು ನನಗೆ ಗೊತ್ತಿಲ್ಲ. ಆದರೆ ಆ ಮನೆಗೆ ಸಂಪರ್ಕ ಕೊಡುವಾಗ “ಅರ್ಥಿಂಗ್ ಸರಿಯಿದೆ” ಎಂದು ಯಾರೋ ಒಬ್ಬರು ಸಹಿ ಹಾಕಿದ್ದರು.

ನನ್ನ ಪದ್ಧತಿ ಹೀಗಿದೆ. ಪ್ರತಿ ಕೆಲಸಕ್ಕೂ ನೋಟುಪುಸ್ತಕದಲ್ಲಿ ಒಂದು ಪುಟ: ದಿನಾಂಕ, ಮಾಲೀಕರ ಹೆಸರು, ಮೆಗ್ಗರ್‌ನ ಮೂರು ಅಂಕಿ, ಅರ್ಥ್‌ನ ಅಂಕಿ, ಜೊತೆಗಿದ್ದ ಹುಡುಗನ ಹೆಸರು. ಮೀಟರ್ ಬೋರ್ಡಿನ, ಅರ್ಥ್ ಗುಂಡಿಯ ಫೋಟೋ ಫೋನಿನಲ್ಲಿ. ಸಹಿ ಹಾಕುವುದು ಅದಾದ ಮೇಲೆ. ಇಂಥ ಪುಸ್ತಕಗಳು ಈಗ ಹದಿನೇಳಾಗಿವೆ.

ನವೀಕರಣ

ಇಲ್ಲಿ ನನ್ನದೇ ತಪ್ಪನ್ನು ಹೇಳಬೇಕು. ಅಪ್ಪ ಹಾಸಿಗೆ ಹಿಡಿದಿದ್ದ ವರ್ಷ ಪರ್ಮಿಟ್ ಅವಧಿ ಮುಗಿದದ್ದು ನನ್ನ ಗಮನಕ್ಕೆ ಬರಲಿಲ್ಲ. ಒಂದು ಹಿಟ್ಟಿನ ಗಿರಣಿಯ ಕೆಲಸ ಮುಗಿಸಿ ವರದಿ ಕೊಟ್ಟೆ. ಕಚೇರಿಯಲ್ಲಿ ಪರ್ಮಿಟ್ ಪ್ರತಿಯ ಮೇಲೆ ಬೆರಳಿಟ್ಟು, “ಇದು ಮುಗಿದು ಎರಡು ತಿಂಗಳಾಗಿದೆಯಲ್ಲ” ಎಂದರು. ಗಿರಣಿ ಇಟ್ಟವರು ಒಬ್ಬ ವಿಧವೆ, ಬ್ಯಾಂಕ್ ಸಾಲ ತೆಗೆದಿದ್ದರು. ಬೇರೆ ಗುತ್ತಿಗೆದಾರರನ್ನು ಹುಡುಕಿ, ಅವರು ಎಲ್ಲವನ್ನೂ ಮತ್ತೆ ಪರೀಕ್ಷಿಸಿ ವರದಿ ಕೊಟ್ಟು ಸಂಪರ್ಕ ಸಿಗುವ ಹೊತ್ತಿಗೆ ಐದು ವಾರ ಕಳೆಯಿತು. ಆ ಐದು ವಾರದ ಬಡ್ಡಿಯನ್ನು ನಾನೇ ಕೊಟ್ಟೆ. ನನಗೆ ತಡವಾದದ್ದಕ್ಕೆ ಹೆಚ್ಚುವರಿ ಶುಲ್ಕ ಬೇರೆ.

ಅಂದಿನಿಂದ ಮಾಡುವುದನ್ನು ಹೇಳುತ್ತೇನೆ. ಪರ್ಮಿಟ್ ಕೈಗೆ ಬಂದ ದಿನವೇ ಅದರ ಮೇಲಿನ ಕೊನೆಯ ದಿನಾಂಕವನ್ನು ಓದಿ, ಅದಕ್ಕೆ ಮೂರು ತಿಂಗಳು ಹಿಂದಿನ ದಿನವನ್ನು ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ ಬಂದಾಗ ಹಳೆಯ ಪರ್ಮಿಟ್, ಆಧಾರ್, ಹೊಸ ಫೋಟೋ ಸಿದ್ಧ ಮಾಡಿ. ನಡುವೆ ಮನೆ ಬದಲಿಸಿದ್ದರೆ ಆಧಾರ್ ವಿಳಾಸವನ್ನು ಮೊದಲೇ ತಿದ್ದಿಸಿ, ಆಮೇಲೆ ಅರ್ಜಿ. ಮೂಲ ಪರ್ಮಿಟ್ಟನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಬೇಡಿ. ನಮ್ಮ ಬೆವರಿಗೆ ಒಂದೇ ಬೇಸಿಗೆಯಲ್ಲಿ ಅಕ್ಷರ ಅಳಿಸುತ್ತವೆ. ಮೂಲ ಮನೆಯ ಟ್ರಂಕಿನಲ್ಲಿ, ಪ್ರತಿ ಜೇಬಿನಲ್ಲಿ, ಎರಡೂ ಬದಿಯ ಫೋಟೋ ಫೋನಿನಲ್ಲಿ. ಕಳೆದುಹೋದರೆ ಪೊಲೀಸ್ ಇಲಾಖೆಯ ಇ-ಲಾಸ್ಟ್‌ನಲ್ಲಿ ದೂರು ದಾಖಲಿಸಿ, ಆ ಸ್ವೀಕೃತಿ ಹಿಡಿದು ಎರಡನೆಯ ಪ್ರತಿಗೆ ಅರ್ಜಿ ಹಾಕಿ.

ಗುತ್ತಿಗೆದಾರರಾಗುವ ಆಸೆ ಇದ್ದವರಿಗೆ ಎರಡು ಮಾತು. ಆ ಪರವಾನಗಿ ನಿಮ್ಮೊಬ್ಬರ ಕಾಗದದಿಂದ ನಡೆಯುವುದಿಲ್ಲ. ಪರ್ಮಿಟ್ ಇರುವ ಸೂಪರ್‌ವೈಸರ್, ಪರ್ಮಿಟ್ ಇರುವ ವೈರ್‌ಮನ್‌ಗಳು ನಿಮ್ಮಲ್ಲಿ ಕೆಲಸಕ್ಕಿರಬೇಕು. ಮೆಗ್ಗರ್, ಅರ್ಥ್ ಟೆಸ್ಟರ್, ತಂತಿಗೆ ಸಿಕ್ಕಿಸಿ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ನಿಮ್ಮ ಸಂಸ್ಥೆಯ ಹೆಸರಿನ ಬಿಲ್ಲಿನಲ್ಲಿ ಇರಬೇಕು, ಅವುಗಳ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಯಿದೆಯೇ ಎಂಬ ತಪಾಸಣೆ, ಹಳತಾಗಿರಬಾರದು. ಸೂಪರ್‌ವೈಸರ್ ಕೆಲಸ ಬಿಟ್ಟು ಹೋದರೆ ಅಥವಾ ಅವರ ಪರ್ಮಿಟ್ ಅವಧಿ ಮುಗಿದರೆ ಆ ತೊಂದರೆ ನಿಮ್ಮ ಪರವಾನಗಿಯ ಮೇಲೆ ಬರುತ್ತದೆ. ಹಾಗಾಗಿ ನಿಮ್ಮ ದಿನಾಂಕದ ಜೊತೆ ಅವರೆಲ್ಲರ ದಿನಾಂಕವೂ ನಿಮಗೆ ಗೊತ್ತಿರಬೇಕು.

ನನ್ನ ಅಂಗಡಿಯಲ್ಲಿ ಮೆಗ್ಗರ್ ಇಡುವ ಗೂಡಿನ ಬಾಗಿಲ ಒಳಬದಿಯಲ್ಲಿ ಒಂದು ಬಿಳಿ ಹಾಳೆ ಅಂಟಿಸಿದ್ದೇನೆ. ನನ್ನ ಹೆಸರು, ಸೂಪರ್‌ವೈಸರ್ ಹೆಸರು, ಮೂವರು ವೈರ್‌ಮನ್‌ಗಳ ಹೆಸರು, ಎದುರಿಗೆ ಅವರವರ ಅವಧಿ ಮುಗಿಯುವ ದಿನಾಂಕ, ಕೆಳಗೆ ಮೆಗ್ಗರ್‌ನ ಕ್ಯಾಲಿಬ್ರೇಷನ್ ದಿನಾಂಕ. ಯಂತ್ರ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಜೇವರ್ಗಿಯ ಹುಡುಗ ಆಧಾರ್ ತಿದ್ದಿಸಲು ಹೋಗಿದ್ದಾನೆ, ಎಂಟನೆಯ ತರಗತಿಯ ಅಂಕಪಟ್ಟಿಗೆ ಶಾಲೆಗೆ ಬರೆದುಕೊಟ್ಟಿದ್ದಾನೆ. ಹಾಳೆಯಲ್ಲಿ ಅವನಿಗಾಗಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.